ಬೇರೆ ಕುರಿಯ ಮರಿ

ಪಾಸೊ ಹೊಂದೊ, ಟಾಕ್ವಾರೆಂಬೊ
14 ಆಗಸ್ಟ್ 1994

ನಿಯೆವೆಸ್,

ಮೊದಲು ಕೆಟ್ಟ ಸುದ್ದಿ ಮುಗಿಸಿಬಿಡುತ್ತೇನೆ. ಮಿರ್ತಾ ಹೋದಳು. ಹೌದು, ನನ್ನ ನಾದಿನಿ ಮಿರ್ತಾನೇ. ಹೋದ ತಿಂಗಳು ನನ್ನ ಕೂಸು ಮಾರಿಸೆಲ್‌ಳನ್ನು ಮಣ್ಣು ಮಾಡುವಾಗ ತುಂಬಿದ ಹೊಟ್ಟೆ ಹಿಡಿದುಕೊಂಡು ನಿನ್ನ ಪಕ್ಕದಲ್ಲೇ ನಿಂತು ಅಳುತ್ತಿದ್ದಳಲ್ಲ, ಅವಳು. ಹೆರಿಗೆ ಆಯಿತು, ರಕ್ತ ನಿಲ್ಲಲಿಲ್ಲ. ಹಳ್ಳ ತುಂಬಿ ಆಂಬುಲೆನ್ಸ್ ಆಚೆ ದಡದಲ್ಲೇ ನಿಂತಿತ್ತಂತೆ. ಮಗು ಉಳಿಯಿತು, ಗಂಡು. ಹೆಬೆರ್ ಅಂತ ಹೆಸರು ಹೇಳಿಯೇ ಕಣ್ಣು ಮುಚ್ಚಿದಳು. ಅಪ್ಪ ಯಾರು ಅಂತ ಮಾತ್ರ ಹೇಳಲಿಲ್ಲ.

ಮಗುವನ್ನು ನಮ್ಮ ಮನೆಗೇ ತಂದರು. ಇನ್ನೆಲ್ಲಿಗೆ ತರುತ್ತಾರೆ? ಮಗಳು ಹೋದರೂ ನನ್ನ ಎದೆಯಲ್ಲಿ ಹಾಲು ಬತ್ತಿರಲಿಲ್ಲ. ಅತ್ತೆ ಅವನನ್ನು ನನ್ನ ತೊಡೆಯ ಮೇಲೆ ಮಲಗಿಸಿ, "ದೇವರು ಒಂದು ಕೈಲಿ ಕಿತ್ಕೊಂಡ, ಇನ್ನೊಂದು ಕೈಲಿ ಕೊಟ್ಟ. ತಗೋ" ಅಂದರು. ತಗೊಂಡೆ. ಕುಡಿಯುತ್ತಾನೆ, ಮಲಗುತ್ತಾನೆ, ಮೈ ತುಂಬಿಕೊಳ್ಳುತ್ತಿದ್ದಾನೆ.

ಗಡಿಯಾಚೆ ಲಿವ್ರಮೆಂಟೊದಲ್ಲಿ ಅತ್ತೆಯ ಚಿಕ್ಕಮ್ಮನ ಮಗಳೊಬ್ಬಳಿದ್ದಾಳೆ, ಇರಾಸೆಮಾ ಅಂತ. ಮಕ್ಕಳಿಲ್ಲ. ಸುಲ್ಮಾಗೆ ಆಗದಿದ್ದರೆ ನಾವು ಸಾಕುತ್ತೇವೆ ಅಂತ ಆಗಲೇ ಹೇಳಿ ಕಳಿಸಿದ್ದಾಳೆ. ಅಕ್ಟೋಬರಿನಲ್ಲಿ ಧಣಿಯ ಕುರಿಗಳ ಉಣ್ಣೆ ಕತ್ತರಿಸುವವರು ಬರುವುದರೊಳಗೆ ನಾನು ಒಂದು ಮಾತು ಹೇಳಬೇಕು, ಇಟ್ಟುಕೊಳ್ಳುತ್ತೇನೋ ಇಲ್ಲವೋ ಅಂತ. ನಿನ್ನ ಭಾವ ಅಡೆಮಾರ್‌ಗೆ ತಂಗಿಯ ಮಗು, ಅವನ ಆಸೆ ಮುಖದಲ್ಲೇ ಕಾಣುತ್ತೆ. ಇಟ್ಟುಕೊಳ್ಳುತ್ತೇನೆ ಅಂತಲೇ ನಾನೂ ಅಂದುಕೊಂಡಿದ್ದೇನೆ.

ಒಂದು ಕೇಳಬೇಕಿತ್ತು. ಕುರಿ ತನ್ನ ಮರಿಯನ್ನು ಹೇಗೆ ಹಚ್ಚಿಕೊಳ್ಳುತ್ತೆ ಅನ್ನೋದನ್ನೇ ತಾನೆ ನೀನು ಆ ಲ್ಯಾಬಿನಲ್ಲಿ ನೋಡುವುದು? ಅದನ್ನು ನನಗೆ ಅರ್ಥವಾಗುವ ಹಾಗೆ ಬರೆ. ಕುರಿ ಈಯುವ ಕಾಲ, ಇಲ್ಲಿ ಮೂರು ಹೊತ್ತೂ ಅದೇ ಮಾತು.

ಅಕ್ಕ
ಸುಲ್ಮಾ


ಮೊಂಟೆವಿಡಿಯೊ
23 ಆಗಸ್ಟ್ 1994

ಅಕ್ಕಾ,

ಮಿರ್ತಾಳ ಸುದ್ದಿ ಓದಿ ಲ್ಯಾಬಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಸಮಾಧಿಯ ಹತ್ತಿರ ನನ್ನ ಕೈ ಹಿಡಿದುಕೊಂಡು, "ನನಗೆ ಭಯ ಆಗ್ತಿದೆ ನಿಯೆವೆಸ್" ಅಂದಿದ್ದಳು. ಏನೂ ಆಗಲ್ಲ ಅಂತ ನಾನೇ ಹೇಳಿದ್ದೆ.

ಆ ಮಗು ನಿನ್ನ ಕೈ ಸೇರಿದ್ದು ಕೇಳಿ ಸಮಾಧಾನವಾಯಿತು. ನನ್ನನ್ನು ಸಾಕಿದವಳೇ ನೀನು, ಅವನನ್ನು ಸಾಕುವುದು ನಿನಗೆ ದೊಡ್ಡದಲ್ಲ. ಅವನ ಪುಣ್ಯ ಅಂತಲೇ ಅಂದುಕೊಂಡೆ.

ಇನ್ನು ನಿನ್ನ ಪ್ರಶ್ನೆ. ನೀನು ನನ್ನ ಕೆಲಸದ ಬಗ್ಗೆ ಕೇಳಿದ್ದು ಇದೇ ಮೊದಲು, ಗೊತ್ತಾ? ಒಂದೇ ಒಂದು ಸಲ ಇಲ್ಲಿಗೆ ಬಂದು, ನನ್ನ ಏಪ್ರನ್ ಮೇಲೆ ರಕ್ತ ನೋಡಿ, "ಇಷ್ಟು ಓದಿ ಕಟುಕರ ಅಂಗಡಿ ಸೇರಿದೆಯಲ್ಲೇ" ಅಂದು ಬಸ್ಸು ಹತ್ತಿದವಳು ನೀನು. ಇರಲಿ, ಈಗ ಗುರು ಸ್ಥಾನ ಸಿಕ್ಕಿದೆ, ಸರಿಯಾಗಿ ಕೇಳು.

ಮರಿ ಹೊರಗೆ ಬರುವಾಗ ದಾರಿ ಹಿಗ್ಗುತ್ತಲ್ಲ, ಆ ಸುದ್ದಿ ಬೆನ್ನುಹುರಿ ಹತ್ತಿ ಮಿದುಳಿಗೆ ಹೋಗುತ್ತೆ. ಆಗ ಮಿದುಳು ತನ್ನೊಳಗೇ ಆಕ್ಸಿಟೋಸಿನ್ ಸುರಿಸಿಕೊಳ್ಳುತ್ತೆ. ಇಂಥವನ್ನು ನಾವು ನ್ಯೂರೋಪೆಪ್ಟೈಡ್ ಅನ್ನುತ್ತೇವೆ. ಮಣಿ ಪೋಣಿಸಿದ ಹಾಗಿರುವ ಪುಟ್ಟ ಪ್ರೋಟೀನಿನ ತುಂಡು, ಒಂದು ನರ ಇನ್ನೊಂದಕ್ಕೆ ಹೇಳಿ ಕಳಿಸುವ ಮಾತು ಅಂದುಕೋ. ಅದು ಹೋಗಿ ಇನ್ನೊಂದು ನರಕ್ಕೆ 'ಬಿಡು' ಅನ್ನುತ್ತೆ, ಆ ನರ ಡೋಪಮಿನ್ ಬಿಡುತ್ತೆ. ಡೋಪಮಿನ್ ಬಂದಾಗ ಎದುರಿಗೆ ಏನಿದೆಯೋ ಅದೇ ಬೇಕು ಅನ್ನಿಸಿಬಿಡುತ್ತೆ. ಎದುರಿಗಿರುವುದು ಒದ್ದೆ ಮರಿ. ಕುರಿ ಅದರ ವಾಸನೆ ಹಿಡಿಯುತ್ತೆ, ಅಲ್ಲಿಗೆ ಮುಗಿಯಿತು, ಅದೇ ಅದರ ಮರಿ. ಇದೆಲ್ಲ ಈದ ಮೇಲೆ ಎರಡು ಗಂಟೆಯೊಳಗೆ ಆಗಬೇಕು. ಬಾಗಿಲು ಮುಚ್ಚಿತೋ, ಬೇರೆ ಮರಿ ಬಂದರೆ ಹಾಯುತ್ತೆ.

ನಮ್ಮ ಕೆಲಸ ಆ ಬಾಗಿಲನ್ನು ಮತ್ತೆ ತೆಗೆಯುವುದು. ಗಬ್ಬವೇ ಆಗದ ಕುರಿಗೆ ಆಕ್ಸಿಟೋಸಿನ್ ಕೊಟ್ಟೆವು. ಡೋಪಮಿನ್ ಏರಿದ್ದು ಅಳತೆಯಲ್ಲೇ ಕಂಡಿತು. ಅರ್ಧ ಗಂಟೆಯೊಳಗೆ ಅದು ಯಾರದೋ ಮರಿಯನ್ನು ನೆಕ್ಕುತ್ತಾ ತಾಯಿಕುರಿಯ ಹಾಗೆ ಮೆಲ್ಲಗೆ ಗುನುಗಿತು. ನಾನು ಅತ್ತುಬಿಟ್ಟೆ, ಪ್ರೊಫೆಸರ್ ನಕ್ಕರು.

ಹೆಬೆರ್‌ನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ
ನಿಯೆವೆಸ್


ಪಾಸೊ ಹೊಂದೊ
4 ಸೆಪ್ಟೆಂಬರ್ 1994

ನಿಯೆವೆಸ್,

ಎರಡು ಸಲ ಓದಿದೆ, ಅರ್ಥವಾಯಿತು. ಗುರುಗಳು ಚೆನ್ನಾಗಿ ಹೇಳಿದ್ದೀರಿ.

ಇಲ್ಲಿ ಮಳೆ ಬಿಟ್ಟಿಲ್ಲ. ಬೆಳಗಾದರೆ ಬೇಲಿ ಪಕ್ಕ ಸತ್ತ ಮರಿಗಳು, ಹದ್ದುಗಳು ಮೊದಲು ಕಣ್ಣೇ ಕಿತ್ತಿರುತ್ತವೆ. ಅಡೆಮಾರ್ ಸತ್ತದ್ದರ ಚರ್ಮ ಸುಲಿದು, ನಾಲ್ಕು ಕಾಲಿಗೆ ತೂತು ಬಿಟ್ಟು, ಅಮ್ಮ ಸತ್ತ ಮರಿಗೆ ಕೋಟಿನ ಹಾಗೆ ತೊಡಿಸುತ್ತಾನೆ. ಕುರಿ ಮೂಸುತ್ತೆ, ತನ್ನದೇ ಅಂದುಕೊಂಡು ಹಾಲು ಬಿಡುತ್ತೆ. ನಾವು ಚಿಕ್ಕವರಿದ್ದಾಗ ಅಪ್ಪ ಮಾಡುತ್ತಿದ್ದದ್ದೂ ಅದೇ ಅಲ್ಲವೇ? ಆಗ ನೋಡಿ ನಗುತ್ತಿದ್ದೆವು.

ನಮ್ಮ ಮಂದೆಯಲ್ಲೊಂದು ಕುರಿ ಇದೆ. ಅದರ ಮರಿ ಸತ್ತು ಹಲವು ದಿನವಾಯಿತು. ಬೇರೆ ಕುರಿಯ ಮರಿ ಬಿಟ್ಟಿದ್ದೇವೆ. ಹಾಯುವುದಿಲ್ಲ, ಒದೆಯುವುದಿಲ್ಲ, ಹಾಲು ಕೊಡುತ್ತೆ. ಆದರೆ ತಿರುಗಿ ನೋಡುವುದಿಲ್ಲ. ಮರಿ ಕೂಗಿದರೂ ಬೇಲಿಯ ಕಡೆ ಮುಖ ಮಾಡಿಕೊಂಡು ನಿಂತಿರುತ್ತೆ. ಇಂಥದ್ದಕ್ಕೂ ನಿಮ್ಮ ಔಷಧಿ ಹಿಡಿಯುತ್ತಾ? ನಮ್ಮ ಸೀಮೆಎಣ್ಣೆ ಫ್ರಿಜ್ಜಿನಲ್ಲಿ ಹಸುಗಳಿಗೆ ಕರು ಹಾಕಿದ ಮೇಲೆ ಮಾಸು ಬೀಳದಿದ್ದಾಗ ಚುಚ್ಚುವ ಬಾಟಲಿ ಇದೆ, ಅದರ ಮೇಲೂ ಆಕ್ಸಿಟೋಸಿನ್ ಅಂತಲೇ ಬರೆದಿದೆ. ಅದೂ ಇದೂ ಒಂದೇನಾ?

ಇನ್ನೊಂದು. ಔಷಧಿಯಿಂದ ಹೀಗಾಗುತ್ತಿದೆ ಅಂತ ಕುರಿಗೆ ಗೊತ್ತಾಗುತ್ತಾ? ಇಳಿದ ಮೇಲೆ ಮರಿಯನ್ನು ಏನು ಮಾಡುತ್ತೆ?

ಹೆಬೆರ್ ಚೆನ್ನಾಗಿದ್ದಾನೆ. ಅತ್ತೆಗೆ ಅವನ ಮೂಗು ಮಿರ್ತಾಳದ್ದೇ ಅಂತ. ಇರಬಹುದು, ನಾನು ಅಷ್ಟು ನೋಡಿಲ್ಲ.

ಸುಲ್ಮಾ


ಮೊಂಟೆವಿಡಿಯೊ
15 ಸೆಪ್ಟೆಂಬರ್ 1994

ಅಕ್ಕಾ,

ನಿಮ್ಮ ಆ ಕುರಿ ತುಂಬಾ ಮರ್ಯಾದಸ್ತೆ ಬಿಡು! ನಮ್ಮಲ್ಲಿಯವು ಬೇರೆ ಮರಿ ಕಂಡರೆ ಗೋಡೆಗೆ ಒತ್ತಿ ಕೊಲ್ಲಲು ನೋಡುತ್ತವೆ. ಹಾಲು ಕೊಟ್ಟು ಮುಖ ತಿರುಗಿಸಿಕೊಂಡು ನಿಲ್ಲುವ ಕುರಿಯನ್ನು ನಾನು ನೋಡೇ ಇಲ್ಲ. ಪ್ರೊಫೆಸರ್‌ಗೆ ಹೇಳಿದೆ, ಅದನ್ನು ತರಿಸಿಕೊಳ್ಳೋಣವಾ ಅಂದರು.

ಹೌದು, ಬಾಟಲಿಯಲ್ಲಿರುವುದೂ ಅದೇ, ಮಣಿಯಲ್ಲಿ ಒಂದೂ ವ್ಯತ್ಯಾಸವಿಲ್ಲ. ಭಾವನಿಗೆ ಪ್ರಯತ್ನ ಮಾಡಲು ಹೇಳು, ಕುರಿಗೇನೂ ತೊಂದರೆ ಇಲ್ಲ. ಮರಿ ಸತ್ತು ಎಷ್ಟೇ ದಿನವಾಗಿದ್ದರೂ ಹಾಲಿದೆ ಅಂದರೆ ಅದರ ಮಿದುಳು ಇನ್ನೂ ತಾಯಿಯದ್ದೇ.

ಔಷಧಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ತನಗೇ ಅನ್ನಿಸಿದ್ದು ಅಂದುಕೊಳ್ಳುತ್ತೆ. ಅದೇ ಇದರ ಸೊಗಸು. ಇಳಿದ ಮೇಲೆ ಕೆಲವು ಮರಿಯನ್ನು ಬಿಡುವುದೇ ಇಲ್ಲ, ಕೆಲವು ಒಂದು ಬೆಳಿಗ್ಗೆ ಎದ್ದು ಯಾವುದಿದು ಅನ್ನುವ ಹಾಗೆ ಮೂಸಿ ಹಾಯ್ದುಬಿಡುತ್ತವೆ. ಯಾವುದು ಹೇಗೆ ಅಂತ ಮೊದಲೇ ಹೇಳಲು ಬಂದರೆ ನಾನು ಇಷ್ಟು ಹೊತ್ತಿಗೆ ದೊಡ್ಡ ವಿಜ್ಞಾನಿ ಆಗಿರುತ್ತಿದ್ದೆ.

ಹೆಬೆರ್‌ನ ಫೋಟೋ ತೆಗೆಸಿ ಕಳಿಸು. ನಿನ್ನ ಕಾಗದದಲ್ಲಿ ಅವನಿಗಿಂತ ಕುರಿಯೇ ಜಾಸ್ತಿ.

ನಿಯೆವೆಸ್


ಪಾಸೊ ಹೊಂದೊ
11 ಅಕ್ಟೋಬರ್ 1994

ನಿಯೆವೆಸ್,

ಮಂದೆಯಲ್ಲಿ ಅಂಥ ಕುರಿ ಇರಲಿಲ್ಲ. ನಿನಗೆ ಗೊತ್ತಾಗಿರಬಹುದು, ಆಗಿಲ್ಲದಿದ್ದರೆ ಈಗ ಗೊತ್ತಾಗಲಿ. ಹೆಬೆರ್ ಈಗ ನಮ್ಮಲ್ಲಿಲ್ಲ. ಶನಿವಾರ ಇರಾಸೆಮಾ ಮತ್ತು ಅವಳ ಗಂಡ ಬಂದು ಕರೆದುಕೊಂಡು ಹೋದರು. ತಾವೇ ಹೆತ್ತ ಹಾಗೆ ಆಚೆ ಕಡೆ ದಾಖಲೆ ಮಾಡಿಸುತ್ತಾರಂತೆ.

ಮೊದಲಿಂದ ಹೇಳುತ್ತೇನೆ. ಮಾರಿಸೆಲ್‌ಳ ಒಂದು ಅಂಗಿ ಒಗೆಯದೆ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದೆ. ಯಾರೂ ಇಲ್ಲದಾಗ ತೆಗೆದು ಮೂಸಿ ಮತ್ತೆ ಇಡುತ್ತಿದ್ದೆ. ಹೆಬೆರ್‌ನನ್ನು ತಂದ ದಿನ ಅತ್ತೆ ಅದನ್ನೇ ಹುಡುಕಿ ತೆಗೆದು ಅವನಿಗೆ ತೊಡಿಸಿ ನನ್ನ ತೊಡೆಗೆ ಹಾಕಿದರು. ನಾನು ಕಿರುಚಿದೆ. ಅತ್ತೆ ನಿಧಾನಕ್ಕೆ, "ಸುಮ್ನಿರು. ಕುರಿಗೆ ಒಗ್ಗುತ್ತೆ, ನಿನಗೂ ಒಗ್ಗುತ್ತೆ" ಅಂದರು. ಅವರದು ಕೆಟ್ಟ ಮನಸ್ಸಲ್ಲ. ಜೀವಮಾನವೆಲ್ಲ ಮರಿಗಳನ್ನು ಹಾಗೆಯೇ ಉಳಿಸಿದವರು, ಮಗಳ ಮಗುವನ್ನೂ ಹಾಗೆಯೇ ಉಳಿಸಲು ನೋಡಿದರು. ಅಂಗಿ ಬಿಚ್ಚಿ ನೋಡುವಷ್ಟರಲ್ಲಿ ಅದರಲ್ಲಿ ಅವನ ವಾಸನೆ ಸೇರಿಹೋಗಿತ್ತು. ನನ್ನ ಮಗಳದ್ದು ಅಂತ ಇದ್ದದ್ದು ಅದೊಂದೇ.

ಅವತ್ತಿನಿಂದ ಅವನನ್ನು ಕಂಡರೆ ಮೈಯೆಲ್ಲ ಕಲ್ಲಾಗುತ್ತಿತ್ತು. ಹಾಲು ಕೊಡುತ್ತಿದ್ದೆ, ಗೋಡೆ ನೋಡುತ್ತಿದ್ದೆ. ಸೆಪ್ಟೆಂಬರ್ ಶುರುವಿನಲ್ಲಿ ಒಂದು ದಿನ ಅವನು ಅತ್ತೂ ಅತ್ತೂ ನಿಲ್ಲಿಸಲಿಲ್ಲ. ಎತ್ತಿಕೊಂಡು ಹೋಗಿ ಕುರಿ ಕೊಟ್ಟಿಗೆಯಲ್ಲಿ ಒದ್ದೆ ಹುಲ್ಲಿನ ಮೇಲೆ ಇಟ್ಟು, ಬಾಗಿಲು ಹಾಕಿ ಬಂದು ರೊಟ್ಟಿ ಸುಡುತ್ತಾ ಕೂತೆ. ಅಡೆಮಾರ್ ಕಂಡು ಎತ್ತಿಕೊಂಡು ಬಂದಾಗ ಮಗುವಿನ ತುಟಿ ನೀಲಿಯಾಗಿತ್ತು. ಕಂಬಳಿ ಸುತ್ತಿ ಒಲೆ ಮುಂದೆ ಕೂತು ಬೆಚ್ಚಗೆ ಮಾಡಿದ. ಅದಕ್ಕೇ ನಿನಗೆ ಕುರಿಯ ನೆಪ ಮಾಡಿ ಬರೆದೆ.

ನಿನ್ನ ಉತ್ತರ ಬಂದ ಮೇಲೆ ಬಾಟಲಿ ತೆಗೆದೆ. ದಿನಾ ಬೆಳಿಗ್ಗೆ ಅವನಿಗೆ ಹಾಲು ಕೊಡುವ ಮೊದಲು ತೊಡೆಗೆ ಚುಚ್ಚಿಕೊಳ್ಳುತ್ತಿದ್ದೆ. ಹೊಟ್ಟೆ ಹಿಂಡಿ ಕಣ್ಣು ಕತ್ತಲೆ ಬರುತ್ತಿತ್ತು, ಹಾಲು ಅಂಗಿ ನೆನೆಯುವಷ್ಟು ಬರುತ್ತಿತ್ತು. ಮೊದಲು ಅಷ್ಟೇ. ಒಂದು ದಿನ ಒಲೆ ಹೊಗೆಗೆ ಅವನು ಸೀನಿದ. ಯೋಚನೆ ಮಾಡುವ ಮೊದಲೇ ನಾನು ಅವನನ್ನು ಎತ್ತಿಕೊಂಡು ಕಿಟಕಿ ಹತ್ತಿರ ಹೋಗಿ ನಿಂತಿದ್ದೆ. ಇನ್ನೊಂದು ದಿನ ಅಡೆಮಾರ್ ಅವನನ್ನು ಆಳುಗಳಿಗೆ ತೋರಿಸಲು ಹೊರಗೆ ಒಯ್ದ. ವಾಪಸ್ ತರುವವರೆಗೂ ನಾನು ಬಾಗಿಲು ಬಿಟ್ಟು ಅಲುಗಲಿಲ್ಲ. ಅವನ ಮೂಗು ಮಿರ್ತಾಳದ್ದಲ್ಲ ನಿಯೆವೆಸ್, ಮಿರ್ತಾಳದ್ದು ಚೂಪು, ಇವನದು ಮೊಂಡ. ಅದನ್ನು ಎಷ್ಟು ಹೊತ್ತು ನೋಡಿದರೂ ಸಾಕೆನ್ನಿಸುತ್ತಿರಲಿಲ್ಲ.

ಔಷಧಿ ಹಿಡಿದಿದೆ ಅಂತ ತಿಳಿಯಿತು. ಹಿಡಿದಿದ್ದು ನೋಡಿ ಹೆದರಿಕೆಯಾಯಿತು. ನಾನು ಕುರಿಯಲ್ಲ, ಇದು ಬಾಟಲಿಯದ್ದು ಅಂತ ನನಗೆ ಗೊತ್ತಿತ್ತಲ್ಲ. ಅತ್ತೆ ಹೊರಗಿಂದ ಚರ್ಮ ತೊಡಿಸಿದರು, ನಾನು ಒಳಗಿಂದ ತೊಟ್ಟುಕೊಂಡೆ ಅನ್ನಿಸಿತು. ಒಂದು ದಿನ ಬಿಟ್ಟು ನೋಡೋಣ ಅಂದುಕೊಂಡೆ, ಧೈರ್ಯ ಬರಲಿಲ್ಲ. ಬಾಟಲಿ ತಳ ಕಾಣುತ್ತಿತ್ತು. ಒಂದು ಬೆಳಿಗ್ಗೆ ಎದ್ದು ಹಾಯ್ದುಬಿಡುತ್ತವೆ ಅಂತ ನೀನೇ ಬರೆದಿದ್ದೆ. ಮತ್ತೆ ಅವನನ್ನು ಆ ಕೊಟ್ಟಿಗೆಯಲ್ಲಿಟ್ಟು ಬಂದರೆ? ಆಗ ಅಡೆಮಾರ್ ದೂರ ಎಲ್ಲೋ ಇದ್ದರೆ?

ಅದಕ್ಕೆ, ಅಕ್ಕರೆ ಇರುವಾಗಲೇ ಕೊಟ್ಟುಬಿಡಬೇಕು ಅಂತ ತೀರ್ಮಾನ ಮಾಡಿದೆ. ಅವನನ್ನು ನಿಜವಾಗಿ ಬೇಕು ಅನ್ನುವವಳ ಕೈಗೆ ಹೋಗಲಿ. ಕಾರಿನಲ್ಲಿ ಕೂರಿಸುವಾಗ ಅಡೆಮಾರ್ ಕೇಳಿದ, "ಇನ್ನೂ ಹೊತ್ತಿದೆ ಸುಲ್ಮಾ. ಕೊಡೋದು ಬೇಡ ಅಂದ್ರೆ ಅವರಿಗೆ ಬೇಡ ಅಂತೀನಿ." ಆಗ ನನ್ನ ಎದೆ ಕಿತ್ತು ಬರುವ ಹಾಗಾಯಿತು. ಇದೂ ಬೆಳಗಿನ ಸೂಜಿಯದ್ದೇ ಅಂದುಕೊಂಡು ತಡೆದುಕೊಂಡೆ.

ನಿನ್ನ ಮೇಲೆ ನನಗೆ ಬೇಸರವಿಲ್ಲ. ನಿನ್ನ ಔಷಧಿ ಕೆಲಸ ಮಾಡಿತು.

ಸುಲ್ಮಾ


ಮೊಂಟೆವಿಡಿಯೊ
19 ಅಕ್ಟೋಬರ್ 1994

ಅಕ್ಕಾ,

ಬರೆಯದೆ ಇದ್ದುಬಿಡಲಾ ಅಂತ ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ನೀನು ಎಲ್ಲವನ್ನೂ ಬಾಟಲಿಯ ಮೇಲೆ ಹಾಕಿ ಹೇಗೋ ಬದುಕುತ್ತೀಯ. ಆದರೆ ಹೆಬೆರ್‌ನನ್ನು ವಾಪಸ್ ಕೇಳಲು ಇನ್ನೂ ದಾರಿ ಇದ್ದರೆ? ಅದಕ್ಕೋಸ್ಕರ ಬರೆಯುತ್ತಿದ್ದೇನೆ.

ನಾನು ಒಂದು ವಿಷಯ ನಿನ್ನಿಂದ ಮುಚ್ಚಿಟ್ಟೆ. ಕುರಿಗೆ ಆಕ್ಸಿಟೋಸಿನ್ ಕೊಟ್ಟೆವು ಅಂತ ಬರೆದೆ, ಎಲ್ಲಿಗೆ ಕೊಟ್ಟೆವು ಅಂತ ಬರೆಯಲಿಲ್ಲ. ತಲೆಬುರುಡೆಗೆ ತೂತು ಕೊರೆದು, ಕೊಳವೆ ಇಳಿಸಿ, ನೇರ ಮಿದುಳಿನೊಳಗೆ ಕೊಡುತ್ತೇವೆ. ಡೋಪಮಿನ್ ಅಳೆಯುವುದೂ ಹಾಗೇ, ಇನ್ನೊಂದು ಕೊಳವೆಯಿಂದ. ನೀನು ಮತ್ತೆ ಕಟುಕರ ಅಂಗಡಿ ಅನ್ನುತ್ತೀಯ ಅಂತ ಆ ಮಾತು ಬಿಟ್ಟೆ. ನಿನ್ನ ಹತ್ತಿರ ಒಳ್ಳೆಯವಳು ಅನ್ನಿಸಿಕೊಳ್ಳಬೇಕಿತ್ತು, ಅಷ್ಟೇ ಕಾರಣ. ಭಾವನ ಕುರಿಗೆ ಒಂದು ಬಾಟಲಿ ದಂಡವಾದರೆ ಏನು ಮಹಾ ಅಂದುಕೊಂಡೆ.

ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಗೋಡೆ ಇದೆ ಅಕ್ಕಾ. ತೊಡೆಗೆ ಚುಚ್ಚಿದ ಆಕ್ಸಿಟೋಸಿನ್ ಆ ಗೋಡೆ ದಾಟುವುದಿಲ್ಲ. ಎಲ್ಲೋ ಒಂದು ಕಣ ದಾಟಿದರೂ ಲೆಕ್ಕಕ್ಕೆ ಬರುವುದಿಲ್ಲ. ಅದು ನಿನ್ನ ಗರ್ಭಕೋಶ ಹಿಂಡಿತು, ಹಾಲು ಇಳಿಸಿತು. ಬೇರೇನೂ ಮಾಡಲು ಅದಕ್ಕೆ ಬರುವುದಿಲ್ಲ. ಕಿಟಕಿಗೆ ಎತ್ತಿಕೊಂಡು ಹೋದದ್ದು, ಬಾಗಿಲಲ್ಲಿ ನಿಂತದ್ದು, ಆ ಮೂಗು, ಕಾರಿನ ಹತ್ತಿರ ಆದದ್ದು, ಯಾವುದೂ ಸೂಜಿಯದ್ದಲ್ಲ. ಅವನು ದಿನವೂ ನಿನ್ನ ಎದೆಗೆ ಬಾಯಿಟ್ಟು ಕುಡಿದ. ಅದಕ್ಕೆ ನಿನ್ನ ಮಿದುಳು ತಾನಾಗಿಯೇ ಒಳಗೆ ಸುರಿಸಿಕೊಂಡಿತು. ಎಲ್ಲ ತಾಯಂದಿರಿಗೂ ಆಗುವುದು ಅಷ್ಟೇ. ನಿನಗೆ ಸ್ವಲ್ಪ ತಡವಾಯಿತು.

ಬಾಟಲಿ ಮುಗಿದರೂ ಅದು ಹೋಗುತ್ತಿರಲಿಲ್ಲ.

ಕಾಗದ ಕೈಸೇರಿದ ಕೂಡಲೇ ಭಾವನನ್ನು ಕರೆದುಕೊಂಡು ಲಿವ್ರಮೆಂಟೊಗೆ ಹೊರಡು. ನಾನು ಇಲ್ಲಿಂದ ವಕೀಲರನ್ನು ಕೇಳುತ್ತೇನೆ. ನೀನು ಅಂದರೆ ಇವತ್ತೇ ಬಸ್ಸು ಹತ್ತುತ್ತೇನೆ. ನನ್ನನ್ನು ಬೈಯಿ, ಹೊಡಿ, ಆದರೆ ಮೊದಲು ಹೋಗು.

ನಿಯೆವೆಸ್


ಪಾಸೊ ಹೊಂದೊ
6 ನವೆಂಬರ್ 1994

ನಿಯೆವೆಸ್,

ಹೋಗಿದ್ದೆವು. ಅಡೆಮಾರ್ ಉಣ್ಣೆಯವರನ್ನು ಅರ್ಧಕ್ಕೆ ಬಿಟ್ಟು ಬಂದ, ಧಣಿ ಬೈದರೂ ಕೇಳಲಿಲ್ಲ.

ಒಳ್ಳೆಯ ಮನೆ. ಹಂಚಿನ ಮಾಡು, ಹಿತ್ತಲಲ್ಲಿ ಕಿತ್ತಳೆ ಗಿಡ. ಇರಾಸೆಮಾ ಕಾಫಿ ಕೊಟ್ಟು ಕೂರಿಸಿದಳು. ಹೆಸರು ಬದಲಾಗಿದೆ, ದೀಕ್ಷಾಸ್ನಾನ ಆಗಿದೆ, ದಾಖಲೆಯಲ್ಲಿ ಅವಳೇ ಹೆತ್ತವಳು. ಅವನು ಅವಳ ಹೆಗಲ ಮೇಲೆ ಮಲಗಿದ್ದ, ಬೆನ್ನು ಮಾತ್ರ ಕಂಡಿತು. ಒಂದು ಸಲ ಎತ್ತಿಕೊಳ್ಳಲಾ ಅಂತ ಕೇಳಿದೆ. ಅವಳು ಜೋರು ಮಾಡಲಿಲ್ಲ, ಪಾಪ, ಕಣ್ಣಲ್ಲಿ ನೀರಿತ್ತು. "ಬೇಡ ಕಣಮ್ಮಾ. ಬಂದ ಹೊಸತರಲ್ಲಿ ನಿನ್ನ ಹುಡುಕಿ ಹುಡುಕಿ ಅತ್ತ, ಹಾಲಿನ ಬಾಟಲಿ ಮುಟ್ಟಲಿಲ್ಲ. ಈಗ ತಾನೇ ನನಗೆ ಒಗ್ಗಿದಾನೆ. ಇನ್ನೊಂದು ಸಲ ಅವನಿಗೆ ಹಾಗೆ ಮಾಡಬೇಡ" ಅಂದಳು. ಅಡೆಮಾರ್ ಎದ್ದು ಹೊರಗೆ ಹೋದ. ನಾನು ಕಾಫಿ ಮುಗಿಸಿ ಲೋಟ ತೊಳೆದಿಟ್ಟು ಬಂದೆ.

ವಕೀಲರು ಬೇಡ. ನೀನೂ ಬರಬೇಡ, ನಿನ್ನನ್ನು ನೋಡಲು ಈಗ ನನ್ನಿಂದ ಆಗುವುದಿಲ್ಲ. ಅಡೆಮಾರ್ ನನ್ನ ಜೊತೆ ಮಾತಾಡುವುದು ಕಡಿಮೆ ಮಾಡಿದ್ದಾನೆ. ಅತ್ತೆ ಮಾತ್ರ ಎಂದಿನಂತೆ ಬೆಳಿಗ್ಗೆ ಮಾಟೆ ಎಲೆಯ ಕಷಾಯ ಕಾಯಿಸಿ ಮೊದಲ ಗುಟುಕು ನನಗೇ ಕೊಡುತ್ತಾರೆ.

ಒಂದೇ ಒಂದು ಕೇಳುತ್ತೇನೆ. ಆ ಗೋಡೆಯ ವಿಷಯ ನಿಜವೋ, ಅಥವಾ ನಾನು ಹೋಗಿ ಅವನನ್ನು ಕರೆತರಲಿ ಅಂತ ಕಟ್ಟಿದ ಮಾತೋ? ಸುಳ್ಳಾಗಿದ್ದರೆ ಸುಳ್ಳು ಅಂತ ಒಂದು ಸಾಲು ಬರೆದು ಹಾಕು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಟಪಾಲು ಬಸ್ಸು ಮಂಗಳವಾರ, ಶುಕ್ರವಾರ ಬರುತ್ತೆ, ನಾನು ರಸ್ತೆಗೇ ಹೋಗಿ ನಿಂತಿರುತ್ತೇನೆ.

ನಿಜವಾಗಿದ್ದರೆ ಬರೆಯಬೇಡ.

ಸುಲ್ಮಾ